ಊಟದ ಹೊತ್ತಿಗೆ ಖಾಲಿಯಾಗುತ್ತಿದ್ದ ಅಂಗನವಾಡಿ

ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಇಳಿದು ನಾನಾಡಿದ ಮೊದಲ ಮಾತೇ ತಪ್ಪಾಯಿತು. ರಿಕ್ಷಾದವರೊಬ್ಬರು ಹತ್ತಿರ ಬಂದು, "ಬಾಯಾರ, ಎಲ್ಲಿಗಿ ಹೊಂಟೀರಿ?" ಎಂದು ಕೇಳಿದರು. ನನ್ನ ಕಿವಿಗೆ ಬಿದ್ದದ್ದು ಬಾಯಾರಿಕೆಯ ಮಾತು. "ಇಲ್ಲಪ್ಪಾ, ನೀರು ಬೇಡ, ಬಾಟಲಿಯಲ್ಲಿದೆ" ಎಂದೆ. ಅವರು ನನ್ನನ್ನೂ ನನ್ನ ಟ್ರಂಕನ್ನೂ ಒಮ್ಮೆ ನೋಡಿ, ಪಕ್ಕದಲ್ಲಿದ್ದವರ ಕಡೆ ತಿರುಗಿ, "ಈ ಬಾಯಾರು ಕನ್ನಡದೋರು ಹೌದೋ ಅಲ್ಲೋ?" ಎಂದರು.

ಹುಟ್ಟಿದಂದಿನಿಂದ ಕನ್ನಡ ಬಿಟ್ಟು ಇನ್ನೊಂದು ಭಾಷೆಯನ್ನು ಮನೆಯಲ್ಲಿ ಆಡದವಳು ನಾನು. ನನ್ನ ಕನ್ನಡದ ಮೇಲೆ ಯಾರೋ ಅನುಮಾನ ಪಟ್ಟದ್ದು ಅದೇ ಮೊದಲು. ಈ ಕಡೆ 'ಬಾಯಿ' ಎಂದರೆ ಹೆಂಗಸಿನ ಹೆಸರಿಗೆ ಸೇರಿಸುವ ಗೌರವದ ಮಾತು, ಶಾಲೆಯ ಶಿಕ್ಷಕಿ, ದವಾಖಾನೆಯ ನರ್ಸ್, ಕಚೇರಿಯ ಅಧಿಕಾರಿ ಎಲ್ಲರೂ 'ಬಾಯಾರು' ಎಂದು ಆಮೇಲೆ ತಿಳಿಯಿತು.

ನನ್ನ ಊರು ಕೊಳ್ಳೇಗಾಲದ ಹತ್ತಿರ. ನೇಕಾರರ ಬೀದಿಯಲ್ಲಿ ಮಗ್ಗದ ಸದ್ದು ಕೇಳುತ್ತಾ ಬೆಳೆದೆ. ತೊಂಬತ್ತರ ದಶಕದ ನಡುವಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯಾಗಿ ಆಯ್ಕೆಯಾದಾಗ, ಅಂದರೆ ಒಂದು ತಾಲ್ಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ಸಿಕ್ಕಾಗ, ಬೀದಿಯವರೆಲ್ಲ ಬಂದು ಸಿಹಿ ತಿಂದು ಹೋದರು. ಆದೇಶದಲ್ಲಿ ಬಸವಕಲ್ಯಾಣ ಎಂದು ಓದಿ ಅಪ್ಪ, "ಒಳ್ಳೇ ಹೆಸರು ಕಣವ್ವ, ಶರಣರ ಊರು" ಎಂದರು. ಅದು ಎಷ್ಟು ದೂರ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ರೈಲಿನಲ್ಲಿ ಗುಲ್ಬರ್ಗ, ಅಲ್ಲಿಂದ ಬಸ್ಸಿನಲ್ಲಿ ಹುಮನಾಬಾದ್, ಅಲ್ಲಿ ಇಳಿದು ಮತ್ತೊಂದು ಬಸ್ಸು. ಕಿಟಕಿಯಾಚೆ ಹಸಿರು ಕಡಿಮೆಯಾಗುತ್ತಾ, ಕಪ್ಪು ನೆಲ ಅಗಲವಾಗುತ್ತಾ ಹೋದ ಹಾಗೆ ರಾಜ್ಯ ಒಂದೇ ಎಂಬ ಧೈರ್ಯವೂ ಸಣ್ಣದಾಗುತ್ತಾ ಬಂತು.

ಮನೆ ಹುಡುಕುವುದೇ ಮೊದಲ ಕೆಲಸವಾಯಿತು. ಇಲ್ಲಿ ಬಾಡಿಗೆಗೆ 'ಕಿರಾಯಿ' ಎನ್ನುತ್ತಾರೆ. ಕಿರಾಯಿ ಮನೆ ತೋರಿಸಿದವರೆಲ್ಲ, "ಒಬ್ಬರೇ ಇರ್ತೀರೇನ್ರಿ?" ಎಂದು ಕೇಳಿ, ಆಮೇಲೆ ಸ್ವಲ್ಪ ತಡೆದು, "ನಿಮ್ಮೋರು ಯಾರ್ರಿ?" ಎನ್ನುತ್ತಿದ್ದರು. ಮೊದಲ ಸಲ, "ಅಪ್ಪ, ಅಮ್ಮ, ಒಬ್ಬಳು ತಂಗಿ" ಎಂದು ಹೇಳಿದೆ. ಆ ಮನೆಯಾತ ನಕ್ಕ. ಕೇಳಿದ್ದು ಜಾತಿಯನ್ನು ಎಂದು ಎರಡನೆಯ ಮನೆಯಲ್ಲಿ ತಿಳಿಯಿತು. ನೇಕಾರರ ಜಾತಿಯ ಹೆಸರನ್ನು ನಮ್ಮ ಕಡೆಯ ರೀತಿಯಲ್ಲಿ ಹೇಳಿದರೆ ಇಲ್ಲಿ ಅದು ಯಾವ ಗೂಡಿಗೂ ಸೇರುತ್ತಿರಲಿಲ್ಲ. ಮೇಲಿನವಳೋ ಕೆಳಗಿನವಳೋ ತಿಳಿಯದೆ ಮನೆಯವರು ಗೊಂದಲಕ್ಕೆ ಬೀಳುತ್ತಿದ್ದರು, "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಕಳಿಸುತ್ತಿದ್ದರು.

ಕೊನೆಗೆ ಮನೆ ಕೊಟ್ಟವರು ಶಾಂತಾಬಾಯಿ. ಕಾಳಿನ ವ್ಯಾಪಾರ ಮಾಡುತ್ತಿದ್ದ ಗಂಡ ತೀರಿಕೊಂಡ ಮೇಲೆ ಹಿಂದಿನ ಎರಡು ಕೋಣೆಗಳನ್ನು ಕಿರಾಯಿಗೆ ಬಿಟ್ಟಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಜ್ವಾಳದ ರೊಟ್ಟಿ ತಿಂತೀರೋ ಇಲ್ಲೋ?"

ರೊಟ್ಟಿ ತಿನ್ನುವುದನ್ನು ನಾನು ನಿಜವಾಗಿಯೂ ಕಲಿಯಬೇಕಾಯಿತು. ನಮ್ಮಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆ ಅಭ್ಯಾಸದಲ್ಲಿ ರೊಟ್ಟಿಯನ್ನೂ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಂಡೆ. ಶಾಂತಾಬಾಯಿ ಬೆನ್ನು ತಟ್ಟಿ, "ಹಲ್ಲ ಅದಾವಲ್ರಿ, ಯಾಕ ಅವಸರ?" ಎಂದರು. ಪುಂಡಿ ಸೊಪ್ಪಿನ ಹುಳಿ ಪಲ್ಯ, ಶೇಂಗಾ ಹಿಂಡಿ, ಬ್ಯಾಳಿ, ಒಂದೊಂದಾಗಿ ನಾಲಿಗೆ ಒಪ್ಪಿಕೊಂಡಿತು. ಬೆಳಗಿನ ಹೊತ್ತು ಅವರು ರೊಟ್ಟಿ ಬಡಿಯುವ ಸದ್ದು ಗೋಡೆಯಾಚೆಯಿಂದ ಕೇಳಿದಾಗ ಮಾತ್ರ ಬೆಚ್ಚಿ ಎದ್ದು ಕೂರುತ್ತಿದ್ದೆ. ಅರೆನಿದ್ದೆಯಲ್ಲಿ ಅದು ಅಪ್ಪನ ಮಗ್ಗದ ಸದ್ದಾಗಿರುತ್ತಿತ್ತು.

ಭಾನುವಾರ ಮಧ್ಯಾಹ್ನಗಳು ಕಷ್ಟವಾಗುತ್ತಿದ್ದವು. ಬಿಸಿಲಿಗೆ ಓಣಿಯಲ್ಲಿ ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ಎಸ್‌ಟಿಡಿ ಬೂತಿನಲ್ಲಿ ನಿಂತು ನಮ್ಮ ಬೀದಿಯ ಅಂಗಡಿಗೆ ಫೋನು ಮಾಡಿದರೆ, ಅಮ್ಮನನ್ನು ಕರೆತರುವಷ್ಟರಲ್ಲಿ ಅರ್ಧ ಮಾತು ಮುಗಿದಿರುತ್ತಿತ್ತು. ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಊರ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿಬಿಟ್ಟೆ.

ಕಚೇರಿಯಲ್ಲೂ ಒಂಟಿತನವಿತ್ತು. ಅಂಗನವಾಡಿ ಕಾರ್ಯಕರ್ತೆಯರ ಮಾಸಿಕ ಸಭೆಯಲ್ಲಿ ನಾನು ಪುಸ್ತಕದ ಕನ್ನಡದಲ್ಲಿ ಪೌಷ್ಟಿಕತೆ, ತೂಕ, ಚುಚ್ಚುಮದ್ದು ಎಂದು ಹೇಳುತ್ತಾ ಹೋದರೆ ಎಲ್ಲರೂ ತಲೆಯಾಡಿಸಿ "ಹೌದ್ರಿ" ಎನ್ನುತ್ತಿದ್ದರು. ಅದನ್ನು ಒಪ್ಪಿಗೆಯೆಂದು ತಿಳಿದಿದ್ದೆ. 'ನೀವು ಹೇಳಿದ್ದು ಕೇಳಿಸಿತು' ಎಂಬುದಕ್ಕಿಂತ ಹೆಚ್ಚಿನ ಅರ್ಥ ಆ ಹೌದ್ರಿಗೆ ಇರಬೇಕಾಗಿಲ್ಲ ಎಂದು ಅರಿವಾಗಲು ಹಳ್ಳಿಗಳನ್ನು ಸುತ್ತಬೇಕಾಯಿತು.

ಅಂಥ ಒಂದು ಹಳ್ಳಿ ಮಂಠಾಳದಿಂದ ಆಚೆಗಿತ್ತು. ಅದರ ಹೆಸರು ಹೇಳುವುದಿಲ್ಲ. ಅಲ್ಲಿನವರು ಇಂದಿಗೂ ನನ್ನನ್ನು ಕಂಡರೆ ನಿಂತು ಮಾತಾಡಿಸುತ್ತಾರೆ.

ಆ ಅಂಗನವಾಡಿಯ ಕಾರ್ಯಕರ್ತೆ ಮಹಾದೇವಿ. ಊರಿನ ಜಮೀನುದಾರರ ಮನೆಯ ಸೊಸೆ, ಚುರುಕಾದ ಹೆಣ್ಣುಮಗಳು. ಅಡುಗೆ ಮಾಡಿ ಮಕ್ಕಳನ್ನು ನೋಡಿಕೊಳ್ಳುವ ಸಹಾಯಕಿ ಕಮಲಾಬಾಯಿ, ಇಬ್ಬರು ಹೆಣ್ಣುಮಕ್ಕಳ ತಾಯಿ, ಗಂಡನಿಲ್ಲದವಳು. ಹಳೆಯ ಸಹಾಯಕಿ ವಯಸ್ಸಾಗಿ ಬಿಟ್ಟ ಜಾಗಕ್ಕೆ ಆಗಷ್ಟೇ ಬಂದಿದ್ದಳು. ನಾನು ಹೋದಾಗ ಕೋಣೆ ತುಂಬ ಮಕ್ಕಳಿದ್ದರು. ಮಹಾದೇವಿ ಹಾಡು ಹೇಳಿಸುತ್ತಿದ್ದಳು. ಇಂಥ ಕೇಂದ್ರ ನನ್ನ ತಾಲ್ಲೂಕಿನಲ್ಲಿದೆಯಲ್ಲ ಎಂದು ಖುಷಿಯಾಯಿತು.

ಕಿಚಡಿ ಬೆಂದ ವಾಸನೆ ಬರುತ್ತಿದ್ದಂತೆ ಬಾಗಿಲಲ್ಲಿ ಒಬ್ಬ ಅಜ್ಜಿ ಕಾಣಿಸಿಕೊಂಡಳು. ಮೊಮ್ಮಗನ ಕೈ ಹಿಡಿದು ಹೊರಟಳು. ಹಿಂದೆಯೇ ಒಬ್ಬ ತಾಯಿ, ಇನ್ನೊಬ್ಬ ಅಕ್ಕ. ಯಾರೂ ಜಗಳವಾಡಲಿಲ್ಲ, ಒಂದು ಮಾತೂ ಆಡಲಿಲ್ಲ. ಕಮಲಾಬಾಯಿ ಪಾತ್ರೆ ಇಳಿಸುವಷ್ಟರಲ್ಲಿ ಕೋಣೆ ಖಾಲಿಯಾಯಿತು. ಅವಳ ಇಬ್ಬರು ಮಕ್ಕಳು, ಅವಳ ಓಣಿಯ ಮೂರ್ನಾಲ್ಕು ಮಕ್ಕಳು ಮಾತ್ರ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಕೊನೆಗೆ ಹೋದದ್ದು ಸುವರ್ಣ ಎಂಬ ಪುಟ್ಟ ಹುಡುಗಿ, ಮೂರು ವರ್ಷ ತುಂಬಿದ್ದರೂ ಎರಡರ ಮಗುವಿನಂತೆ ಕಾಣುತ್ತಿದ್ದಳು. ತಾಯಿ ಎಳೆದೊಯ್ಯುವಾಗ ಅವಳ ಕಾಲು ಮುಂದೆ ಹೋಗುತ್ತಿದ್ದರೂ ಮುಖ ಪಾತ್ರೆಯ ಕಡೆಗೇ ಇತ್ತು.

"ಎಲ್ಲಿಗೆ ಹೋದರು?" ಎಂದೆ.

ಮಹಾದೇವಿ ಚಾಪೆ ಸರಿಪಡಿಸುತ್ತಾ, "ಮನಿಗಿ ಹೋಗ್ಯಾರ್ರಿ ಮೇಡಂ. ಉಂಡು ಬರ್ತಾರ" ಎಂದಳು.

"ಎಲ್ಲರ ಮನೆಯಲ್ಲೂ ಈ ಹೊತ್ತಿಗೆ ಊಟ ಇರುತ್ತಾ?"

ಸೌಟು ಹಿಡಿದು ನಿಂತಿದ್ದ ಕಮಲಾಬಾಯಿಯೇ ಹೇಳಿದಳು: "ನಾ ಬಂದಾಗಿಂದ ಹಿಂಗೇ ಅದರಿ ಬಾಯಾರ. ಮೊದಲಿನ ಮುದುಕಿ ಇದ್ದಾಗ ಎಲ್ಲಾ ಪಾರಗೋಳೂ ಇಲ್ಲೇ ಉಣ್ತಿದ್ದವು. ನಾವು ಬೌದ್ಧರ ಓಣಿಯೋರ್ರಿ." 'ಪಾರಗೋಳು' ಎಂದರೆ ಮಕ್ಕಳು; 'ಬೌದ್ಧರ ಓಣಿ' ಎಂದರೆ ಬೌದ್ಧಧರ್ಮ ಸೇರಿದ ದಲಿತರ ಕೇರಿ. ಹೇಳುವಾಗ ಅವಳ ದನಿಯಲ್ಲಿ ದೂರಿರಲಿಲ್ಲ. ಹವಾಮಾನ ಹೇಳಿದಂತೆ ಹೇಳಿದಳು. ನನಗೆ ಕಷ್ಟವಾದದ್ದು ಅದೇ.

ಊರಿನ ಹಿರಿಯರಾದ ಗುರುಪಾದಪ್ಪನವರ ಮನೆಗೆ ಹೋದೆ. ಹಣೆತುಂಬ ವಿಭೂತಿ, ಮಾತಿನಲ್ಲಿ ಮೃದು. ಚಹಾ ಕೊಡಿಸಿದರು, ನನ್ನ ಊರು, ಅಪ್ಪನ ಆರೋಗ್ಯ ಎಲ್ಲ ವಿಚಾರಿಸಿದರು. ವಿಷಯ ಎತ್ತಿದಾಗಲೂ ದನಿ ಏರಲಿಲ್ಲ.

"ನಾವೇನ್ ಕೆಟ್ಟ ಮಂದಿ ಅಲ್ರಿ ಬಾಯಾರ. ಅಕಿ ಬಗ್ಗೆ ನಮಗ ಏನೂ ತಕರಾರಿಲ್ಲ. ಕಸ ಹೊಡೀಲಿ, ಪಾರಗೋಳನ್ನ ಕರ್ಕೊಂಡು ಬರಲಿ. ಅಡಗಿ ಒಂದು ಬ್ಯಾಡ. ಇಲ್ಲಾಂದ್ರ ಅಕಿನ್ನ ಬ್ಯಾರೆ ಕಡಿ ಹಾಕ್ರಿ. ನಿಮ್ಮ ಕೈಯಾಗಿನ ಕೆಲಸ ಅದು."

"ಅಡುಗೆ ಅವಳ ಕೆಲಸ ಗೌಡರೇ. ಅದನ್ನು ಬಿಡಿಸಿದರೆ ಅವಳನ್ನು ಬಿಡಿಸಿದ ಹಾಗೆ."

"ನೀವು ದೂರದಿಂದ ಬಂದೀರಿ. ನಿಮ್ಮ ಕಡಿ ಇದೆಲ್ಲ ಇರಲಿಕ್ಕಿಲ್ಲ. ಇಲ್ಲಿದು ನಿಮಗ ಹ್ಯಾಂಗ ಗೊತ್ತಾಗಬೇಕು?" ಎಂದು ನಕ್ಕು, ಇನ್ನೊಂದು ಕಪ್ಪು ಚಹಾಕ್ಕೆ ಒಳಗೆ ಕೂಗಿದರು.

ಅವರ ಮಾತನ್ನು ನಾನು ನಂಬಿದೆ. ನಮ್ಮ ಕಡೆ ಇದೆಲ್ಲ ಇಲ್ಲ ಎಂದೇ ನಾನೂ ತಿಳಿದಿದ್ದೆ.

ಅಂದಿನಿಂದ ಆ ಹಳ್ಳಿಗೆ ವಾರಕ್ಕೊಮ್ಮೆ ಹೋಗತೊಡಗಿದೆ. ಊಟದ ಹೊತ್ತಿಗೆ ಸರಿಯಾಗಿ ಹೋಗಿ ಮಕ್ಕಳ ಸಾಲಿನಲ್ಲಿ ಕೂತು, ಕಮಲಾಬಾಯಿ ಬಡಿಸಿದ್ದನ್ನು ಉಣ್ಣುತ್ತಿದ್ದೆ. ದೊಡ್ಡ ಅಧಿಕಾರಿ ಉಣ್ಣುವುದನ್ನು ನೋಡಿ ಊರು ಬದಲಾದೀತು ಎಂಬ ಆಸೆ. ಊರು ಬದಲಾಗಲಿಲ್ಲ. ನಾನು ಊರಿಗೆ ಸೇರಿದವಳೇ ಅಲ್ಲವಾದ್ದರಿಂದ ನಾನು ಏನು ಉಂಡರೂ ಯಾರಿಗೂ ಅದು ಲೆಕ್ಕಕ್ಕಿರಲಿಲ್ಲ. ಅಜ್ಜಿಯರು ಬಾಗಿಲಿಗೆ ಬರುವುದು, ಕೈ ಹಿಡಿದು ಹೊರಡುವುದು ನಡೆದೇ ಇತ್ತು. ಸುವರ್ಣಳ ತೂಕ ಇನ್ನಷ್ಟು ಇಳಿಯಿತು.

ಒಂದು ದಿನ ಕೇಂದ್ರದ ಮುಂದಿನ ಬೇವಿನ ಮರದ ಕೆಳಗೆ ಮಹಾದೇವಿಯನ್ನು ಕೇಳಿದೆ: "ನೀನು ಯಾಕೆ ಇಲ್ಲಿ ಉಣ್ಣುವುದಿಲ್ಲ?"

ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಮೇಡಂ, ನೀವು ಹೋಗೋರು. ನಾವು ಇಲ್ಲೇ ಇರೋರು. ನಮ್ಮತ್ತಿಗಿ ಗೊತ್ತಾದ್ರ ಒಲಿ ಮುಟ್ಟಗೊಡಂಗಿಲ್ಲ. ಕಮಲಾ ಮ್ಯಾಲ ನನಗೇನೂ ಇಲ್ಲ, ಖರೆ ಹೇಳ್ತೀನಿ. ಆದ್ರ ನೀವು ಹುಕುಂ ಮಾಡಬ್ಯಾಡ್ರಿ."

ನಾನು ಹುಕುಂ ಮಾಡಲಿಲ್ಲ. ಮಾಡಿದ್ದರೆ ಅವಳು ಒಂದು ದಿನ ಉಂಡು, ಮರುದಿನ ರಜೆ ಹಾಕುತ್ತಿದ್ದಳು.

ಅಷ್ಟರಲ್ಲಿ ಊರಿನಿಂದ ನನ್ನ ಮೇಲೊಂದು ದೂರು ಹೋಯಿತು. ಹೊರಗಿನ ಹೆಣ್ಣುಮಗಳು, ಇಲ್ಲಿಯ ಮಾತು ರೀತಿ ತಿಳಿಯದು, ಊರಲ್ಲಿ ಜಗಳ ಹಚ್ಚುತ್ತಾಳೆ ಎಂದು. ನನ್ನ ಮೇಲಿನ ಅಧಿಕಾರಿ ಜಿಲ್ಲಾ ಕಚೇರಿಗೆ ಕರೆಸಿದರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಿದ್ದವರು, ಗದ್ದಲ ಬೇಡವಾಗಿತ್ತು. ದೂರನ್ನು ಮೇಜಿನ ಒಂದು ಬದಿಗೆ ಸರಿಸಿ ಅವರು ಹೇಳಿದ ಮಾತು ನಾನು ನಿರೀಕ್ಷಿಸಿದ್ದಾಗಿರಲಿಲ್ಲ.

"ನೋಡ್ರಿ ತಂಗಿ, ನಿಮ್ಮ ವರ್ಗದ ಅರ್ಜಿ ಅದ. ನಾ ಒಂದು ಮಾತು ಬರದ್ರ ಜಲ್ದಿ ಆಗ್ತದ. ನೀವು ನಿಮ್ಮ ಊರ ಕಡಿ ಹೋಗ್ರಿ. ಇಲ್ಲಿ ನಿಮ್ಮ ಜಾಗಾಕ್ಕ ಯಾರರೆ ಬರ್ತಾರ, ಅಕಿನ್ನ ಬ್ಯಾರೆ ಕಡಿ ಹಾಕ್ತಾರ. ಎಲ್ಲಾರಿಗೂ ಶಾಂತಿ."

ನಾನು ರಾತ್ರಿಗಳಲ್ಲಿ ಬೇಡಿಕೊಂಡದ್ದೇ ಅದು. ಮನೆ, ಅಮ್ಮನ ಮುದ್ದೆ, ತಂಗಿಯ ಹರಟೆ, ನನ್ನ ಮಾತನ್ನು ಎರಡನೆಯ ಸಲ ಹೇಳಬೇಕಾಗಿಲ್ಲದ ಬೀದಿ, ಎಲ್ಲವೂ ಆ ಮೇಜಿನ ಮೇಲೆ ಕೈಗೆಟುಕುವಂತಿದ್ದವು. ಹೊರಟುಬಿಡುತ್ತೇನೆ ಎಂದೇ ಒಂದು ಗಳಿಗೆ ಅಂದುಕೊಂಡೆ. ಆದರೆ ಅವರ ಮಾತಿನಲ್ಲಿ ಎರಡು ವರ್ಗಗಳಿದ್ದವು. ನನ್ನದಾದರೆ ಮರುದಿನವೇ ಕಮಲಾಬಾಯಿಯದೂ ಆಗುತ್ತಿತ್ತು. ನಾನು ಊರು ಸೇರುವುದು, ಅವಳು ಆ ಒಲೆ ಬಿಟ್ಟು ಹೋಗುವುದು, ಎರಡೂ ಒಂದೇ ಕಾಗದದಲ್ಲಿ ಬರುತ್ತಿದ್ದವು.

"ಸರ್, ಆ ಅರ್ಜಿ ವಾಪಸ್ ತಗೋತೀನಿ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ವಿಚಾರ ಮಾಡ್ರಿ. ಮತ್ತೊಮ್ಮೆ ಹಿಂಗ ಸಿಗಂಗಿಲ್ಲ."

ಸಿಗಲಿಲ್ಲ ಕೂಡ. ವಾಪಸು ಬರುವಾಗ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಜೋಳದ ಚೀಲಗಳ ಪಕ್ಕ ಕೂತು ಅತ್ತೆ. ಯಾರೂ ಏಕೆಂದು ಕೇಳಲಿಲ್ಲ. ಒಬ್ಬ ಮುದುಕಿ ಮಾತ್ರ ತನ್ನ ಗಂಟನ್ನು ಸರಿಸಿ ನನಗೆ ಕೂರಲು ಇನ್ನಷ್ಟು ಜಾಗ ಮಾಡಿಕೊಟ್ಟಳು.

ಶಾಂತಾಬಾಯಿಗೆ ನಡೆದದ್ದೆಲ್ಲ ಹೇಳಿದೆ. ಅವರು, "ಖರೆ ಹೇಳ್ತೀನಿ ಬಾಯಾರ, ಅಕಿ ಕೈಯಾಂದು ನಾನೂ ಉಣ್ತಿದ್ನೋ ಇಲ್ಲೋ ಗೊತ್ತಿಲ್ಲ" ಎಂದರು. ಆಮೇಲೆ, "ಆದ್ರ ನೀವು ಹೋಗದಿದ್ದದ್ದು ಬೇಷ್ ಆತು" ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರ ಮನೆಯಲ್ಲಿದ್ದೇನೆ ಎಂಬುದೇ ಅಂದು ಧೈರ್ಯ ಕೊಟ್ಟಿತು.

ಮುಂದಿನ ಮಾಸಿಕ ಸಭೆಯಲ್ಲಿ ಪೌಷ್ಟಿಕತೆಯ ಮಾತು ತೆಗೆಯಲಿಲ್ಲ. ದೂರು ಬಂದದ್ದು, ಊರಿಗೆ ಕಳಿಸುವ ಮಾತು ಬಂದದ್ದು, ಬೇಡವೆಂದದ್ದು ಎಲ್ಲವನ್ನೂ ನನಗೆ ಬಂದಷ್ಟು ಇಲ್ಲಿಯ ಮಾತಿನಲ್ಲಿ ಹೇಳಿದೆ. "ನನಗ ಏನ್ ಮಾಡಬೇಕು ತಿಳೀವಲ್ದು. ನೀವೇ ಹೇಳ್ರಿ" ಎಂದೆ. ಯಾರಾದರೂ ನಕ್ಕಾರು ಎಂದುಕೊಂಡಿದ್ದೆ. ಒಬ್ಬರೂ ಹೌದ್ರಿ ಎನ್ನಲಿಲ್ಲ.

ಹಿಂದಿನ ಸಾಲಿನಿಂದ ಕೊಹಿನೂರ ಹಳ್ಳಿಯ ಕಡೆಯ ಒಬ್ಬ ಕಾರ್ಯಕರ್ತೆ ಎದ್ದು ನಿಂತಳು. "ಇದು ಬರೇ ಒಂದೂರಿನ ಮಾತಲ್ರಿ ಮೇಡಂ. ನಮ್ಮ ಕಡಿನೂ ಹಿಂಗೇ ಅದ. ಯಾರೂ ಕೇಳಲಿಲ್ಲ, ನಾವು ಹೇಳಲಿಲ್ಲ." ಆಮೇಲೆ ಇನ್ನೊಬ್ಬಳು. ಒಬ್ಬಳು ತನ್ನ ಸಹಾಯಕಿ ಹೊರಗೆ ಕೂತು ಉಣ್ಣುತ್ತಾಳೆ ಎಂದಳು. ಇನ್ನೊಬ್ಬಳು ಕಾರ್ಯಕರ್ತೆಯಾದರೂ ತಾನೇ ಹೊರಗೆ ಕೂರಬೇಕಾಗಿದೆ ಎಂದು ಹೇಳಿ ಅಳತೊಡಗಿದಳು. ಅಲ್ಲಿಯವರೆಗೆ ನನ್ನ ತಾಲ್ಲೂಕು ಎಂದು ನಾನು ತಿಳಿದಿದ್ದುದು ಕಾಗದದ ತಾಲ್ಲೂಕು. ಆ ದಿನ ಅದು ಬಾಯಿ ಬಿಟ್ಟಿತು.

ಮಹಾದೇವಿ ಆ ದಿನ ಎಲ್ಲವನ್ನೂ ಕೇಳಿಸಿಕೊಂಡು ಹೋದಳು.

ಮುಂದಿನ ವಾರ ನಾನು ಹೋದಾಗ ಅವಳ ಮಗ ವೀರೇಶ ಕೇಂದ್ರದಲ್ಲಿದ್ದ. ನಾಲ್ಕು ವರ್ಷದ ಹುಡುಗ, ಅದುವರೆಗೆ ಅವನನ್ನು ಅಜ್ಜಿಯ ಬಳಿಯೇ ಬಿಟ್ಟು ಬರುತ್ತಿದ್ದಳು. ಕಿಚಡಿ ಬೆಂದಿತು. ಬಾಗಿಲಿಗೆ ಅಜ್ಜಿಯರು ಬಂದರು. ಮಹಾದೇವಿ ಚಾಪೆಯ ಮೇಲೆ ಸುವರ್ಣ ಬಿಟ್ಟುಹೋದ ಜಾಗದಲ್ಲಿ ಮಗನನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತು, ಎರಡು ತಟ್ಟೆ ಮುಂದಿಟ್ಟುಕೊಂಡಳು. "ಕಮಲಾ, ಹಾಕ್" ಎಂದಳು.

ಕಮಲಾಬಾಯಿ ಸೌಟು ಎತ್ತಲಿಲ್ಲ. "ಬ್ಯಾಡ್ರಿ ಅಕ್ಕಾ. ನಿಮ್ಮ ಮನ್ಯಾಗ ಗದ್ದಲ ಆಗ್ತದ."

"ಆಗಲಿ. ಹಾಕ್ ನೀ."

ಸುದ್ದಿ ನಮಗಿಂತ ಮುಂದೆ ಹೋಗಿತ್ತು. ವೀರೇಶ ಎರಡು ತುತ್ತು ತಿನ್ನುವಷ್ಟರಲ್ಲಿ ಅವನ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಕಾಲಿಡಲಿಲ್ಲ. "ಮಹಾದೇವಿ, ಏಳ್. ಕೂಸಿನ್ನ ತಗೊಂಡು ಏಳ್."

ಮಹಾದೇವಿಯ ಕೈ ತಟ್ಟೆಯಲ್ಲಿ ನಿಂತಿತು. ತಲೆ ಎತ್ತದೆಯೇ, "ಉಣ್ಣಾಕತ್ತಾನ್ರಿ ಅತ್ತಿ. ಉಂಡ ಮ್ಯಾಲ ಬರ್ತೀನಿ" ಎಂದಳು.

ಅಜ್ಜಿ ಬಾಗಿಲಿನಿಂದಲೇ ತಿರುಗಿ ಹೋದರು. ಆ ಕೋಣೆಯಲ್ಲಿ ಮಕ್ಕಳು ಬೆರಳು ನೆಕ್ಕುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕಮಲಾಬಾಯಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಮಹಾದೇವಿಗೆ ಅದರ ಬೆಲೆ ಸಣ್ಣದಾಗಿರಲಿಲ್ಲ. ಮನೆಯಲ್ಲಿ ಅವಳ ಒಲೆ ಬೇರೆಯಾಯಿತು. ನೀರಿನ ಕೊಡ ಮುಟ್ಟುವ ಹಾಗಿರಲಿಲ್ಲ. ಅತ್ತೆ ತಿಂಗಳುಗಟ್ಟಲೆ ಅವಳೊಡನೆ ಮಾತಾಡಲಿಲ್ಲ. ಗಂಡ ಇಬ್ಬರ ನಡುವೆ ಮೌನವಾಗಿ ಓಡಾಡಿಕೊಂಡಿದ್ದ. ಕೇಂದ್ರಕ್ಕೆ ಹೋದಾಗಲೆಲ್ಲ, "ಹ್ಯಾಂಗ ಅದೀ?" ಎಂದರೆ, "ನಡೀತದ್ರಿ" ಎಂದಷ್ಟೇ ಹೇಳಿ ಮಕ್ಕಳ ಕಡೆ ತಿರುಗುತ್ತಿದ್ದಳು. ನಾನು ಹುಕುಂ ಮಾಡದಿದ್ದರೂ ಅವಳು ಪಟ್ಟ ಪಾಡಿಗೆ ನಾನೂ ಕಾರಣ ಎಂಬುದು ಗೊತ್ತಿತ್ತು. ಅಧಿಕಾರ ಹಿಡಿದವರು ಕಲಿಯಬೇಕಾದ ಕಷ್ಟದ ಪಾಠ ನನಗೆ ಅದೇ ಆಯಿತು: ಮೊದಲ ಹೆಜ್ಜೆ ಇಡುವವರು ಯಾವಾಗಲೂ ನಮ್ಮ ಕೈಕೆಳಗಿನವರು, ಅವರ ಮನೆಯ ಒಲೆಯನ್ನು ಕಾಯುವ ಶಕ್ತಿ ನಮಗಿರುವುದಿಲ್ಲ.

ಊರು ಒಮ್ಮೆಗೇ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ತೊಗರಿ ಕೊಯ್ಲು ಬಂತು. ಕೂಲಿಗೆ ಹೋಗುವ ಹೆಂಗಸರು ಮಧ್ಯಾಹ್ನ ಹೊಲ ಬಿಟ್ಟು ಮಕ್ಕಳನ್ನು ಕರೆದೊಯ್ಯಲು ಬರುವಂತಿರಲಿಲ್ಲ. ದೊಡ್ಡ ಮನೆಯ ಸೊಸೆಯೇ ಮಗನನ್ನು ಅಲ್ಲಿ ಉಣ್ಣಿಸುತ್ತಿದ್ದಾಳೆ ಎಂಬ ಮಾತು ಅವರಿಗೊಂದು ನೆಪವೂ ಆಯಿತು. ಒಂದು ಬೆಳಿಗ್ಗೆ ಸುವರ್ಣಳ ತಾಯಿ ಕುಡುಗೋಲು ಹಿಡಿದು ಬಂದು, ಮಗುವನ್ನು ಇಳಿಸಿ, ಕಮಲಾಬಾಯಿಯ ಕಡೆ ನೋಡದೆಯೇ, "ಜರಾ ಹೆಚ್ಚಿಗಿ ಹಾಕು. ರಾತ್ರಿನೂ ಉಂಡಿಲ್ಲ ಅದು" ಎಂದು ಹೇಳಿ ಹೋದಳಂತೆ.

ಇದನ್ನು ನನಗೆ ಹೇಳಿದ್ದು ಕಮಲಾಬಾಯಿಯೇ. ನಾನು ಖುಷಿಯಿಂದ ಅವಳ ಕೈ ಹಿಡಿದೆ. ಅವಳು ನಗಲಿಲ್ಲ. "ಮಾರಿ ನೋಡ್ಲಿಲ್ರಿ ಬಾಯಾರ. ಆದ್ರ ಕೂಸಿನ್ನ ಬಿಟ್ಟು ಹೋದಳು" ಎಂದಳು. ಇಷ್ಟು ಸಿಕ್ಕಿದೆ, ಇಷ್ಟು ಸಿಕ್ಕಿಲ್ಲ ಎಂಬುದನ್ನು ಅವಳು ನನಗಿಂತ ಬೇಗ ತಿಳಿದಿದ್ದಳು.

ಮಳೆಗಾಲ ಬರುವಷ್ಟರಲ್ಲಿ ಸುವರ್ಣಳ ಕೆನ್ನೆ ತುಂಬಿತು. ಸಾಲು ಉದ್ದವಾಯಿತು. ಗುರುಪಾದಪ್ಪನವರ ಮೊಮ್ಮಕ್ಕಳು ಮಾತ್ರ ಆ ಸಾಲಿನಲ್ಲಿ ಎಂದೂ ಕೂರಲಿಲ್ಲ. ಅವರಿಗಾಗಿ ಒಂದು ಆಟೋ ಗೊತ್ತಾಯಿತು, ಟೈ ಕಟ್ಟಿಕೊಂಡು ಪಟ್ಟಣದ ಕಾನ್ವೆಂಟಿಗೆ ಹೊರಟರು. ಗುರುಪಾದಪ್ಪನವರು ನನ್ನನ್ನು ಕಂಡಾಗ ಮೊದಲಿನಂತೆಯೇ ಚಹಾಕ್ಕೆ ಕರೆಯುತ್ತಿದ್ದರು. ಮಹಾದೇವಿಯ ಅತ್ತೆ ಕಾಯಿಲೆ ಬಿದ್ದಾಗ ಸೊಸೆಯ ಕೈಯ ಗಂಜಿ ಕುಡಿದರು, ಒಲೆ ಮತ್ತೆ ಒಂದಾಯಿತು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತಲಿಲ್ಲವಂತೆ.

ಹೊಸ ಶತಮಾನದ ಆರಂಭದಲ್ಲಿ ನನಗೆ ಹುಮನಾಬಾದಿಗೆ ವರ್ಗವಾಯಿತು. ಅಲ್ಲಿಯದು ಬೇರೆ ಲೋಕ. ಹೆದ್ದಾರಿಯ ಲಾರಿಗಳು, ಕಾಳಿನ ಮಾರುಕಟ್ಟೆ, ಔಷಧಿ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಮೂಗಿಗೆ ಹತ್ತುವ ಕಟು ವಾಸನೆ. ಕಾರ್ಖಾನೆ ಕೆಲಸಕ್ಕೆ ಎಲ್ಲೆಲ್ಲಿಂದಲೋ ಬಂದವರ ಮಕ್ಕಳು ಅಂಗನವಾಡಿಯಲ್ಲಿ ಒಂದೇ ಪಾತ್ರೆಯ ಸುತ್ತ ಕೂತು ಉಣ್ಣುತ್ತಿದ್ದರು. ಅಡುಗೆ ಮಾಡಿದವರು ಯಾರು ಎಂದು ಕೇಳುವಷ್ಟು ಅಲ್ಲಿ ಯಾರಿಗೂ ಯಾರೂ ಗೊತ್ತಿರಲಿಲ್ಲ. ವಲಸೆಗೆ ಇಂಥದೊಂದು ಕರುಣೆಯೂ ಇದೆ ಎಂದು ಅಲ್ಲಿ ಅನಿಸಿತು.

ಹುಮನಾಬಾದಿನ ಆ ಕಚೇರಿಗೇ ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಕಮಲಾಬಾಯಿ ಪೇಢೆ ಹಿಡಿದು ಬಂದಳು. ಮಗಳ ಜೊತೆ ಕೂತು ಓದಿ ಹತ್ತನೇ ತರಗತಿ ಪಾಸು ಮಾಡಿದ್ದಳು. ಮಹಾದೇವಿಗೆ ಮೇಲ್ವಿಚಾರಕಿಯಾಗಿ ಬಡ್ತಿ ಸಿಕ್ಕಿತ್ತು. ಅವಳ ಜಾಗಕ್ಕೆ ಕಮಲಾಬಾಯಿಯ ಹೆಸರು ಬಂದಾಗ ಊರಿನಲ್ಲಿ ಮತ್ತೆ ತಕರಾರು ಎದ್ದಿತ್ತು. ಮಹಾದೇವಿ ಪಂಚಾಯ್ತಿ ಕಟ್ಟೆಯ ಮುಂದೆ ನಿಂತು, "ಇಷ್ಟು ವರ್ಷ ಅಕಿ ಕೈಯಾಂದು ಉಂಡ ಪಾರಗೋಳು ಈಗ ಸಾಲ್ಯಾಗ ಓದಾಕತ್ತಾವ. ಅವರನ್ನೇ ಕೇಳ್ರಿ" ಎಂದಳಂತೆ. ತಕರಾರು ತಣ್ಣಗಾಯಿತು.

"ಈಗ ಸಹಾಯಕಿ ಯಾರು?" ಎಂದೆ.

"ಗೌಡರ ಓಣಿಯಾಕಿ ಒಬ್ಬಾಕಿ ಬಂದಾಳ್ರಿ. ಮೊದಲನೇ ದಿನ ನಾ ಕೊಟ್ಟ ನೀರು ಕುಡೀಲಿಲ್ಲ. ನಾ ಏನೂ ಅನ್ಲಿಲ್ಲ ಬಾಯಾರ. ಈಗ ಕುಡೀತಾಳ." ಪೇಢೆಯ ಕಾಗದ ಮಡಿಸುತ್ತಾ, "ನಾ ಮಾತ್ರ ಅದು ಮರ್ತಿಲ್ಲ" ಎಂದಳು.

ಇದೆಲ್ಲವನ್ನೂ ನಮ್ಮ ಊರಿನವರಿಗೆ ಬರೆಯುವುದಕ್ಕೆ ಕಾರಣ ಕಳೆದ ಬೇಸಗೆಯ ರಜೆ.

ತಂಗಿ ಗೌರಿಯ ಮಗುವಿಗೆ ಈಗ ಮೂರು ವರ್ಷ. ನಮ್ಮ ನೇಕಾರರ ಬೀದಿಯ ಕೊನೆಯಲ್ಲೇ ಒಂದು ಅಂಗನವಾಡಿಯಿದೆ. ನಾನು ಊರು ಬಿಡುವಾಗಲೂ ಇತ್ತು. "ಮಗೂನ ಯಾಕೆ ಕಳಿಸೋದಿಲ್ಲ?" ಎಂದು ಕೇಳಿದೆ. ಗೌರಿ ತರಕಾರಿ ಹೆಚ್ಚುತ್ತಾ, "ಕಳಿಸ್ತೀನಿ ಅಕ್ಕ, ಪದ್ಯ ಹೇಳ್ಕೊಡ್ತಾರೆ. ಊಟಕ್ ಮುಂಚೆ ಕರ್ಕೊಂಡ್ ಬತ್ತೀನಿ" ಎಂದಳು.

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಊಟಕ್ಕೆ ಮುಂಚೆ ಯಾಕ?"

"ಅಡ್ಗೆ ಮಾಡೋಳು ಯಾರು ಅಂತ ನೋಡಿದ್ದೀಯಾ? ನಮ್ ಬೀದೀಲಿ ಯಾರೂ ಅಲ್ಲಿ ಉಣ್ಸಲ್ಲ. ಮೊದ್ಲಿಂದ್ಲೂ ಅಷ್ಟೇಯ." ಅವಳ ದನಿಯಲ್ಲಿ ದ್ವೇಷವಿರಲಿಲ್ಲ. ಗುರುಪಾದಪ್ಪನವರ ದನಿಯಲ್ಲೂ ಇರಲಿಲ್ಲ. ನಾನು ಏನೋ ಹೇಳಹೊರಟೆ. ಗೌರಿ ನಕ್ಕಳು: "ನೀನು ಮಾತಾಡದ್ ಕೇಳುದ್ರೆ ಬೀದಿ ಮಕ್ಕಳು ನಗ್ತವೆ ಕಣಕ್ಕ. ಆ ಕಡೆಯವಳೇ ಆಗೋಗಿದ್ದೀಯ. ಇಲ್ಲೀದು ನಿಂಗೆ ಗೊತ್ತಾಗಕಿಲ್ಲ."

ಮೊದಲಿನಿಂದಲೂ ಎಂದರೆ ನಾನು ಹುಡುಗಿಯಾಗಿದ್ದಾಗಲೂ. ನಾನು ಆ ಬಾಗಿಲ ಮುಂದೆಯೇ ಕಾಲೇಜಿಗೆ ಹೋಗಿ ಬರುತ್ತಿದ್ದೆ.

ಚಪ್ಪಲಿ ಮೆಟ್ಟಿ ಬೀದಿಯ ಕೊನೆಗೆ ನಡೆದೆ. ಊಟದ ಹೊತ್ತಾಗಿತ್ತು. ಕೋಣೆಯಲ್ಲಿ ಕೆಲವೇ ಮಕ್ಕಳಿದ್ದರು. ಕಾರ್ಯಕರ್ತೆ ಹೊರಗೆ ಹೋಗಿದ್ದಳು. ಸಹಾಯಕಿ, ನಡುವಯಸ್ಸಿನ ಹೆಂಗಸು, ಸಾರು ಬಡಿಸುತ್ತಿದ್ದಳು. ನಾನು ಮಕ್ಕಳ ಸಾಲಿನ ಕೊನೆಯಲ್ಲಿ ಕೂತೆ. ತಪಾಸಣೆಗೆ ಬಂದವಳೆಂದು ತಿಳಿದು ಗಾಬರಿಯಿಂದ ಎದ್ದು ನಿಂತಳು. "ಕೂತ್ಕೊಳ್ಳಮ್ಮ, ನನಗೂ ಒಂದು ತಟ್ಟೆ ಕೊಡು" ಎಂದೆ. ಅಳುಕುತ್ತಲೇ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟಾಗ ಅವಳ ಮುಖ ಸಡಿಲವಾಯಿತು.

"ಯಾವೂರಮ್ಮ ನಿಮ್ದು? ಮಾತು ಉತ್ತರದೋರ ತರ ಅದೆ" ಎಂದಳು.

ಬಸವಕಲ್ಯಾಣ ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ಅಲ್ಲಿಯವಳಾಗಿ ಉಣ್ಣುವುದು ಸುಲಭವೂ ಆಗಿತ್ತು. ಎಲ್ಲಿಂದಲೋ ಬಂದವರು ಉಂಡರೆ ಯಾವ ಊರಿಗೂ ಲೆಕ್ಕವಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

"ಇದೇ ಬೀದಿ" ಎಂದೆ. "ಮಗ್ಗದ ಮನೆ, ಬಲಗಡೆ ಮೂರನೇದು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. ನನ್ನ ತಟ್ಟೆಯನ್ನು, ನನ್ನ ಮುಖವನ್ನು, ತೆರೆದ ಬಾಗಿಲನ್ನು ನೋಡಿದಳು. ನಾನೂ ತಿರುಗಿ ನೋಡಿದರೆ ಅಲ್ಲಿ ಗೌರಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು, ಒಳಗೆ ಕಾಲಿಡದೆ.

"ಅಕ್ಕ, ಎದ್ ಬಾ" ಎಂದಳು.

"ಉಣ್ಣಾಕತ್ತೀನಿ" ಎಂದೆ. ಆ ಮಾತು ಅಲ್ಲಿದ್ದ ಇಬ್ಬರಿಗೂ ಪೂರ್ತಿ ಅರ್ಥವಾಗಿರಲಿಕ್ಕಿಲ್ಲ. ನಾನು ಇನ್ನೊಂದು ತುತ್ತು ಕಲಸಿದೆ.